ಕೇಳುವವರು, ಕೇಳದವರು

"ಏನೋ ಇದು ಕೈಮೇಲೆ? ಯಾರಿಗೂ ತೋರಿಸಿಲ್ವಾ?"

ಹತ್ತು ಜನರ ನಡುವೆಯಾದರೂ ಸರಿ, ನಮ್ಮವರು ಕಂಡ ಕೂಡಲೇ ಕೇಳಿಬಿಡುತ್ತಾರೆ. ನಾನು ಹದಿನಾಲ್ಕು ವರ್ಷದಿಂದ ಇರುವ ಈ ಜಾಗದಲ್ಲಿ ಯಾರೂ ಕೇಳುವುದಿಲ್ಲ. ಕಣ್ಣು ಒಮ್ಮೆ ಮೊಣಕೈ ಮೇಲೆ ಬಿದ್ದು ಥಟ್ಟನೆ ಬೇರೆ ಕಡೆ ಹೋಗುತ್ತದೆ. ಇದೇ ಸಭ್ಯತೆ, ಸದ್ಯ ಬದುಕಿಕೊಂಡೆ ಅಂದುಕೊಂಡಿದ್ದೆ. ಒಂದು ದಿನ ಅಂಗಡಿಯಲ್ಲಿ ಚಿಲ್ಲರೆಗೆ ಕೈ ಚಾಚಿದೆ. ನನ್ನ ಮುಂದಿದ್ದವರಿಗೆಲ್ಲ ಅಂಗೈಗೇ ಕೊಟ್ಟವರು ನನ್ನದನ್ನು ಮೇಜಿನ ಮೇಲಿಟ್ಟು ಬೆರಳ ತುದಿಯಿಂದ ಇತ್ತ ತಳ್ಳಿದರು. ಮುಖದ ಮೇಲಿನ ನಗು ಹಾಗೇ ಇತ್ತು. ಚಾಚಿದ ಕೈಯನ್ನು ಏನು ಮಾಡಬೇಕೆಂದು ನನಗೆ ತೋಚಲಿಲ್ಲ.

ನನಗಿರುವುದು ಸೋರಿಯಾಸಿಸ್. ಸುಮಾರು ಒಂದು ತಿಂಗಳು ಹಿಡಿಯಬೇಕಾದ ಹೊಸ ಚರ್ಮ ಕೆಲವೇ ದಿನಗಳಲ್ಲಿ ಮೇಲೆ ಬಂದು ಪದರ ಪದರವಾಗಿ ಕೂರುತ್ತದೆ. ಅಂಟುವುದಿಲ್ಲ. ತೊನ್ನೂ ಅಂಟುವುದಿಲ್ಲ. ಆದರೂ ಅದನ್ನು ಶ್ವೇತಕುಷ್ಠ ಎಂದು ಕರೆದು, ಸಂಬಂಧವೇ ಇಲ್ಲದ ಕುಷ್ಠರೋಗದ ಭಯವನ್ನೂ ಅದರ ಕೊರಳಿಗೆ ಕಟ್ಟಿದವರು ನಾವು.

ಇಷ್ಟಾದರೂ ನನಗೆ ಕೇಳುವವರೇ ಮೇಲು. ಕೇಳಿದರೆ ನೋಯುತ್ತದೆ, ನಿಜ. ಆದರೆ "ಇದು ಅಂಟಲ್ಲ" ಎಂದು ಹೇಳಲು ಒಂದು ಸಂದಿಯಾದರೂ ಸಿಗುತ್ತದೆ. ಸುಮ್ಮನಿರುವವರಿಗೆ ಏನೆಂದು ಉತ್ತರ ಕೊಡಲಿ? ಇಲ್ಲಿಗೆ ಬಂದ ಮೇಲೆ ಕಪ್ಪು ಅಂಗಿ ಬಿಟ್ಟೆ. ಹೆಗಲ ಮೇಲೆ ಉದುರಿದ ಹೊಟ್ಟು ಎದ್ದು ಕಾಣುತ್ತದೆ. ಈಜು ಬಿಟ್ಟೆ. ಕುರ್ಚಿಯಿಂದ ಏಳುವಾಗ ಯಾರೂ ನೋಡದಂತೆ ಅಂಗೈಯಿಂದ ಒಮ್ಮೆ ಸವರುತ್ತೇನೆ. ಯಾರೂ ಬೇಡ ಅನ್ನುವ ಮೊದಲೇ ನಾನೇ ಹಿಂದೆ ಸರಿಯುತ್ತಾ ಬಂದೆ. ಮನಸ್ಸಿನ ಒತ್ತಡಕ್ಕೆ ಈ ಕಾಯಿಲೆ ಕೆರಳುತ್ತದೆ, ಕೆರಳಿದ್ದು ಕಂಡು ಒತ್ತಡ ಇನ್ನೂ ಹೆಚ್ಚುತ್ತದೆ.

ನಮ್ಮವರ ಪ್ರಶ್ನೆಯಲ್ಲೂ ಒಂದು ಕೊರತೆ ಇದೆ. ಅದು ಚರ್ಮದ ಹತ್ತಿರವೇ ನಿಂತುಬಿಡುತ್ತದೆ. ಇದು ನನಗೆ ಹೊಳೆದದ್ದು ಇಲ್ಲಿನ ವೈದ್ಯರು ಒಂದು ಕಾಗದ ಕೊಟ್ಟಾಗ. ಬ್ರಿಟನ್ನಿನ ಕಾರ್ಡಿಫ್ ನಗರದ ಚರ್ಮವೈದ್ಯರು 1994ರಲ್ಲಿ ಪ್ರಕಟಿಸಿದ, ಹತ್ತೇ ಪ್ರಶ್ನೆಗಳ ಪಟ್ಟಿ. ಕಳೆದ ವಾರ ಎಷ್ಟು ತುರಿಸಿತು, ಎಷ್ಟು ಮುಜುಗರವಾಯಿತು, ಉಡುಪು ಆರಿಸುವಾಗ ಅಡ್ಡಿಯಾಯಿತೇ, ಆಪ್ತರ ಜೊತೆ ತೊಂದರೆಯಾಯಿತೇ. ಒಟ್ಟು 30 ಅಂಕ. 10 ದಾಟಿದರೆ ಬದುಕಿಗೆ ತುಂಬಾ ಪೆಟ್ಟು ಬಿದ್ದಿದೆ ಎಂದರ್ಥ. ನನಗೆ 17 ಬಂತು. ಅಷ್ಟು ವರ್ಷ ಮುಲಾಮು ಹಚ್ಚಿಕೊಂಡಿದ್ದೆ, ಉಡುಪಿನ ಬಗ್ಗೆ ಯಾರೂ ಕೇಳಿರಲಿಲ್ಲ. ಪೆನ್ನು ಹಿಡಿದ ಕೈ ನಡುಗಿತು.

ಹೋದ ತಿಂಗಳು ಫೋನಿನಲ್ಲಿ ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಿದೆ. ಪ್ರತಿ ಸಲ "ಹೋಯ್ತೇನೋ ಅದು?" ಎಂದೇ ಮಾತು ಶುರುಮಾಡುವವಳು, ಮೊನ್ನೆ ಹಾಗೆ ಕೇಳಲಿಲ್ಲ. "ರಾತ್ರಿ ನಿದ್ದೆ ಬರುತ್ತೇನೋ ಮರಿ?" ಅಂದಳು. ತುರಿಕೆ ತಾಳಲಾರದೆ ನಡುರಾತ್ರಿ ಎದ್ದು ಕೂರುವ ವಿಷಯ ಆವತ್ತಿನವರೆಗೆ ಮನೆಯವರಲ್ಲಿ ಯಾರಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದೆ.