ಹಾರ ಎಲ್ಲಿ ಕಟ್ಟೋದು?

ದುಬಾರಿ ಕಾರಿನ ಅಂದಚಂದ ನೋಡಲು ಜನ ವಿಟ್ಠಲ್ ಮಲ್ಯ ರಸ್ತೆಯಲ್ಲಿ ಮೊಬೈಲ್ ಹಿಡಿದು ನಿಲ್ಲುತ್ತಾರೆ. ಸುಮ್ನೆ ಟೈಮ್ ವೇಸ್ಟು. ಆಯುಧಪೂಜೆ ದಿನ ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಬನ್ನಿ. ಕಾರಿನ ಡಿಸೈನ್ ಎಷ್ಟು ಗಟ್ಟಿ ಅಂತ ಅಲ್ಲಿ ಗೊತ್ತಾಗುತ್ತದೆ.

ಈ ಸಲ ಪೂಜೆಗೆ ನಿಂತದ್ದು ನಮ್ಮ ಭಾವನ ಹೊಸ ಎಲೆಕ್ಟ್ರಿಕ್ ಕಾರು. ಕಂಪನಿ ಹೆಸರು ಬೇಡ, ಇಎಂಐ ಇನ್ನೂ ನಡೆಯುತ್ತಿದೆ. ಅಕ್ಕ ಗಾಂಧಿ ಬಜಾರಿನಿಂದ ಎರಡು ಮಾರು ಸೇವಂತಿಗೆ ಹಾರ ತಂದಿದ್ದಳು. ಕಾರಿನ ಮುಂದೆ ಬಗ್ಗಿದಳು. ತಡವಿದಳು. ಎಲ್ಲಿ ಮುಟ್ಟಿದರೂ ನುಣ್ಣಗೆ.

"ಇದಕ್ಕೆ ಹಾರ ಎಲ್ಲಿ ಕಟ್ಟೋದ್ರೀ?"

"ಗ್ರಿಲ್ ಇದೆಯಲ್ಲ, ಅಲ್ಲಿ ಕಟ್ಟು" ಅಂದ ಭಾವ.

ಗ್ರಿಲ್ ಏನೋ ಇತ್ತು, ತೂತು ಇರಲಿಲ್ಲ. ರೇಡಿಯೇಟರಿಗೆ ಗಾಳಿ ಬಿಡಲು ಅಂತಲೇ ಹುಟ್ಟಿದ ಜಾಲರಿ ಅದು. ಎಲೆಕ್ಟ್ರಿಕ್ ಕಾರಿಗೆ ಅಷ್ಟೊಂದು ಗಾಳಿ ಬೇಡ. ಆದರೆ ಗ್ರಿಲ್ ತೆಗೆದರೆ ಕಾರಿನ ಗುರುತೇ ಸಿಗಲ್ಲ, ಅಲ್ವಾ? ಬಿಎಂಡಬ್ಲ್ಯು 1933ರಿಂದ ಆ ಜೋಡಿ ಗ್ರಿಲ್ ಬಿಟ್ಟಿಲ್ಲ. ಎಲೆಕ್ಟ್ರಿಕ್ ಐಎಕ್ಸ್‌ನಲ್ಲಿ ಅದನ್ನು ಪೂರ್ತಿ ಮುಚ್ಚಿ, ಹಿಂದೆ ಕ್ಯಾಮೆರಾ, ರೇಡಾರ್ ಕೂರಿಸಿದ್ದಾರೆ. ಸಣ್ಣಪುಟ್ಟ ಗೀರು ಒಂದು ದಿನದಲ್ಲಿ ತಾನೇ ಮಾಯುವಂಥ ಲೇಪನ ಬೇರೆ. ಸಿಲ್ಕ್ ಬೋರ್ಡ್ ಕಡೆ ಓಡಾಡುವವರಿಗೆ ಆ ಲೇಪನ ಮೈತುಂಬ ಬೇಕು.

ಚಿಕ್ಕಪ್ಪನ ಅಂಬಾಸಿಡರ್‌ಗೆ ಈ ತಾಪತ್ರಯ ಇರಲಿಲ್ಲ. 1957ರಲ್ಲಿ ಬಂದ ಆ ಕಾರು 2014ರಲ್ಲಿ ನಿಲ್ಲುವವರೆಗೂ ಹೆಚ್ಚುಕಮ್ಮಿ ಅದೇ ಆಕಾರದಲ್ಲಿತ್ತು. ಗ್ರಿಲ್ಲಿಗೆ ಹಾರ, ಬಂಪರಿಗೆ ಬಾಳೆಕಂದು, ಕನ್ನಡಿಗೆ ಮಾವಿನೆಲೆ. ದಾರ ಎಲ್ಲಿ ಬೇಕಾದರೂ ಸಿಕ್ಕಿಕೊಳ್ಳುತ್ತಿತ್ತು. ಸಿರಿವಂತರ ಕಾರುಗಳಲ್ಲೂ ಬಾನೆಟ್ ಮೇಲೆ ಏನಾದರೊಂದು ನಿಂತಿರುತ್ತಿತ್ತು. ರೋಲ್ಸ್ ರಾಯ್ಸ್‌ನ 1911ರ ಬೊಂಬೆ ಈಗಲೂ ಇದೆ. ಆದರೆ ಈಗಿನದನ್ನು ಯಾರಾದರೂ ಹಿಡಿದು ಎಳೆದರೆ ಒಳಗೆ ಇಳಿದುಬಿಡುತ್ತದೆ. ಹಾರ ಹಾಕಿದರೆ ಹಾರದ ಸಮೇತ ಇಳಿಯುತ್ತೋ ಏನೋ!

ಹೊಸದು ಬೇಡ ಅನ್ನುವ ಪೈಕಿ ನಾನಲ್ಲ. ಅಂಬಾಸಿಡರ್ ಸ್ಟೀರಿಂಗ್ ತಿರುಗಿಸಿದ ಭುಜ ಯಾವತ್ತೂ ಹಳೇ ಕಾಲವನ್ನು ಹೊಗಳುವುದಿಲ್ಲ. ಆದರೆ ಎಲ್ಲವನ್ನೂ ಬಚ್ಚಿಡುವುದೇ ಆಧುನಿಕತೆ ಅಂತ ಯಾರು ಹೇಳಿಕೊಟ್ಟರೋ! ನಮ್ಮ ದೊಡ್ಡಮ್ಮ ಬಾಗಿಲಿನ ಹಿಡಿ ಹುಡುಕುತ್ತಾ ಕಾರಿನ ಮೈಯನ್ನು ಎಮ್ಮೆ ಸವರಿದ ಹಾಗೆ ಸವರುತ್ತಿದ್ದರು. ಭಾವ ಕೀ ಹಿಡಿದು ಹತ್ತಿರ ಬಂದಿದ್ದೇ ತಡ, ಹಿಡಿ ತಾನಾಗಿ ಹೊರಗೆ ಬಂತು. ದೊಡ್ಡಮ್ಮ ಕೈಮುಗಿದರು. ಅಲ್ಲಿಗೆ ಅವರ ಪೂಜೆ ಮುಗಿಯಿತು.

ಪುರೋಹಿತರ ಪೂಜೆ ಇನ್ನೂ ಬಾಕಿ.

"ಬಾನೆಟ್ ತೆಗೀರಿ, ಇಂಜಿನ್ನಿಗೆ ಕುಂಕುಮ ಇಡಬೇಕು."

"ಇಂಜಿನ್ ಇಲ್ಲ ಸ್ವಾಮಿ."

"ಹೋಗ್ಲಿ, ಇರೋದನ್ನ ತೋರಿಸಿ."

"ಬಾನೆಟ್ ನಾವು ತೆಗೆಯೋ ಹಾಗಿಲ್ಲ. ಸರ್ವಿಸ್‌ನವರೇ ಬರಬೇಕು."

ಪುರೋಹಿತರು ಕ್ಷಣ ಯೋಚಿಸಿ, ಚಾರ್ಜಿಂಗ್ ಮುಚ್ಚಳಕ್ಕೆ ಕುಂಕುಮ ಇಟ್ಟು ಮುಂದಿನ ಮಂತ್ರಕ್ಕೆ ಹೋದರು. ಅವರಷ್ಟು ಮಾಡರ್ನ್ ಆ ಬೇಸ್‌ಮೆಂಟಿನಲ್ಲಿ ಇನ್ಯಾರೂ ಇರಲಿಲ್ಲ.

ಕೊನೆಗೆ ಹಾರವನ್ನು ಟೇಪ್ ಹಚ್ಚಿ ಅಂಟಿಸಿದೆವು. ಅದು ಸರಿಯಾಗಿ ಸೆನ್ಸರ್ ಮೇಲೇ ಜೋತುಬಿತ್ತು. ಭಾವ ನಿಂಬೆಹಣ್ಣು ತುಳಿಸಲು ಕಾರನ್ನು ಮುಂದಕ್ಕೆ ಬಿಟ್ಟ ಕೂಡಲೇ ಅದು ಕಿರುಚಿಕೊಂಡು ಗಕ್ಕನೆ ನಿಂತಿತು. ಮುಂದೆ ಏನೋ ಅಡ್ಡ ಇದೆಯಂತೆ! ಸೇವಂತಿಗೆ ಎತ್ತಿ ಹಿಡಿದುಕೊಂಡು ಅಕ್ಕ ಪಕ್ಕದಲ್ಲೇ ನಡೆದ ಮೇಲೆ ನಿಂಬೆಹಣ್ಣಿಗೆ ಮುಕ್ತಿ ಸಿಕ್ಕಿತು.

ಆಮೇಲೆ ಗಣಪನ ಸರದಿ. ಡ್ಯಾಶ್‌ಬೋರ್ಡ್ ಅನ್ನುವ ಜಾಗದಲ್ಲಿ ಈ ಕಡೆಯಿಂದ ಆ ಕಡೆಗೆ ಬರೀ ಗಾಜಿನ ಸ್ಕ್ರೀನು. ಮರ್ಸಿಡಿಸ್ 2021ರಲ್ಲಿ ತೋರಿಸಿದ ಹೈಪರ್‌ಸ್ಕ್ರೀನ್ 141 ಸೆಂಟಿಮೀಟರ್ ಅಗಲವಂತೆ. ಅಷ್ಟು ಗಾಜಿನಲ್ಲಿ ಗಣಪನಿಗೆ ನಾಲ್ಕು ಬೆರಳಿನಷ್ಟು ಜಾಗ ಬಿಡಬಾರದಿತ್ತೇ? ಅಕ್ಕ ಅವನನ್ನು ಕಪ್ ಹೋಲ್ಡರಿನಲ್ಲಿ ಕೂರಿಸಿದಳು.

ಭಾವನ ಆಫೀಸ್ ಪೂಜೆಗೆ ತಂದಿದ್ದ ದೊಡ್ಡ ಬೂದುಗುಂಬಳಕಾಯಿಯನ್ನು ಮುಂದಿನ ಸೀಟಿನಲ್ಲಿಟ್ಟು ಹೊರಟೆವು. ಗೇಟು ದಾಟುವ ಮೊದಲೇ ಕಾರು ಟಿಂಗ್ ಟಿಂಗ್ ಅನ್ನಲು ಶುರುಮಾಡಿತು. ಹಾರ ನೋಡಿದೆವು, ಬಾಗಿಲು ನೋಡಿದೆವು, ಗಣಪನನ್ನೂ ಎತ್ತಿ ನೋಡಿದೆವು. ಕೊನೆಗೆ ಹಿಂದಿನ ಸೀಟಿನಿಂದ ದೊಡ್ಡಮ್ಮನೇ ಹೇಳಿದರು:

"ಅಯ್ಯೋ, ಕುಂಬಳಕಾಯಿಗೆ ಬೆಲ್ಟ್ ಹಾಕ್ರೋ!"