ಆಟ ಬಿಟ್ಟ ಮೇಲಿನ ಬದುಕಿಗೂ ಒಂದು ಪೇಟ

ನಾನಿರುವ ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್‌ನಲ್ಲಿ ಒಂದು ಶಾಲೆಗೆ ‘ಜಸ್ಟಿಸ್ ಪೇಜ್’ ಎಂದು ಹೆಸರು. ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಆಟಗಾರನ ಹೆಸರಿನ ಶಾಲೆಯಿದು, ಹೆಸರಿನಲ್ಲಿ ಮಾತ್ರ ಆಟದ ಸುಳಿವೇ ಇಲ್ಲ. ಇದು ನನಗೆ ತುಂಬಾ ಹಿಡಿಸಿತು.

ಅಲನ್ ಪೇಜ್ 1966ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ನಾಟರ್ ಡೇಮ್ ಕಾಲೇಜು ತಂಡದಲ್ಲಿದ್ದವರು. ಆಮೇಲೆ ಇಲ್ಲಿನ ವೃತ್ತಿಪರ ತಂಡ ವೈಕಿಂಗ್ಸ್ ಸೇರಿ, 1971ರಲ್ಲಿ ಇಡೀ ರಾಷ್ಟ್ರೀಯ ಲೀಗಿನ ಶ್ರೇಷ್ಠ ಆಟಗಾರ ಎನಿಸಿಕೊಂಡರು. ರಕ್ಷಣೆಯ ಆಟಗಾರನಿಗೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಆಡುತ್ತಿರುವಾಗಲೇ ಕಾನೂನು ಓದಿ 1978ರಲ್ಲಿ ಪದವಿ ಪಡೆದರು. 1993ರಿಂದ 2015ರವರೆಗೆ ಮಿನೆಸೋಟ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ, ಆ ಪೀಠದಲ್ಲಿ ಕುಳಿತ ಮೊದಲ ಕಪ್ಪು ವರ್ಣೀಯ.

1988ರಲ್ಲಿ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್, ಅಂದರೆ ಮೇರು ಆಟಗಾರರ ಗೌರವಪಟ್ಟಿ, ಅವರನ್ನು ಬರಮಾಡಿಕೊಂಡಿತು. ಅಲ್ಲಿ ಪರಿಚಯದ ಮಾತಾಡುವವರು ಸಾಮಾನ್ಯವಾಗಿ ಹಳೆಯ ಕೋಚ್ ಅಥವಾ ಜೊತೆಗಾರರು. ಪೇಜ್ ಕರೆದದ್ದು ಮಿನಿಯಾಪೊಲಿಸ್‌ನ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿಯನ್ನು! ಅದೇ ವರ್ಷ ಪೇಜ್ ಅವರ ವಿದ್ಯಾರ್ಥಿವೇತನದ ಪ್ರತಿಷ್ಠಾನ ಶುರುವಾಯಿತು. ದುಡ್ಡು ಪಡೆದ ವಿದ್ಯಾರ್ಥಿ ಚಿಕ್ಕ ಮಕ್ಕಳ ಜೊತೆ ಕೂತು ಅವರ ಓದಿಗೆ ನೆರವಾಗಬೇಕು ಎಂಬುದು ಅದರ ಷರತ್ತು. ಶಾಲೆಗೆ ಅವರ ಹೆಸರು ಬಂದದ್ದು 2017ರಲ್ಲಿ, ಮಕ್ಕಳೇ ಪಟ್ಟು ಹಿಡಿದದ್ದರಿಂದ. ಅದಕ್ಕೆ ಮೊದಲಿದ್ದದ್ದು ಇಲ್ಲಿನ ಮೂಲನಿವಾಸಿಗಳಾದ ಡಕೋಟಾ ಜನರನ್ನು ನಿರ್ಮೂಲ ಮಾಡಬೇಕು, ಇಲ್ಲವೇ ಓಡಿಸಬೇಕು ಎಂದಿದ್ದ ಗವರ್ನರ್ ಒಬ್ಬನ ಹೆಸರು. ಮ್ಯಾರಥಾನ್ ದಿನ ಈ ನ್ಯಾಯಮೂರ್ತಿಗಳು ಬ್ಯಾಂಡ್‌ಸೆಟ್ಟಿನ ಆ ಭಾರೀ ಹಿತ್ತಾಳೆ ವಾದ್ಯವನ್ನು ಮೈಗೆ ಸುತ್ತಿಕೊಂಡು, ರಸ್ತೆ ಬದಿಯಲ್ಲಿ ಓಟಗಾರರಿಗಾಗಿ ಊದುತ್ತಾ ನಿಲ್ಲುತ್ತಿದ್ದದ್ದೂ ಇಲ್ಲಿನವರಿಗೆ ಗೊತ್ತು.

ಸನ್ಮಾನ ಮಾಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಪಕ್ಕದಲ್ಲಿ ಮನೆಯವರಿಗೂ ಒಂದು ಕುರ್ಚಿ. ಅಷ್ಟು ಪ್ರೀತಿ ಇಲ್ಲಿನ ಫಲಕ, ಭಾಷಣಗಳಲ್ಲಿ ನನಗೆ ಕಂಡಿಲ್ಲ. ನನ್ನ ತಕರಾರು ಓದುವ ಸನ್ಮಾನ ಪತ್ರದ ಬಗ್ಗೆ. ಅದು ಕೊನೆಯ ಪಂದ್ಯಕ್ಕೇ ನಿಂತುಬಿಡುತ್ತದೆ. ಎರಾಪಳ್ಳಿ ಪ್ರಸನ್ನ ಅವರ 189 ಟೆಸ್ಟ್ ವಿಕೆಟ್ ನಮಗೆಲ್ಲ ಬಾಯಿಪಾಠ. 1962ರ ವೆಸ್ಟ್ ಇಂಡೀಸ್ ಪ್ರವಾಸದ ನಂತರ ಅವರು ಎಂಜಿನಿಯರಿಂಗ್ ಮುಗಿಸಲು ಹೋಗಿ, 1967ರವರೆಗೆ ಟೆಸ್ಟ್ ಆಡಲಿಲ್ಲ ಎಂಬುದನ್ನು ಎಷ್ಟು ವೇದಿಕೆಗಳಲ್ಲಿ ಹೇಳುತ್ತೇವೆ? ‘ಆಟವೋ ಓದೋ’ ಎಂದು ಮಗನನ್ನು ದಬಾಯಿಸುವ ಅಪ್ಪ-ಅಮ್ಮ ಕೇಳಬೇಕಾದ ಕಥೆ ಅದೇ ಅಲ್ಲವೇ?

ಇನ್ನು ಕಾಲೇಜಿಗೆ ಕಪ್ ತಂದುಕೊಟ್ಟು, ಮುಂದೆ ಬ್ಯಾಂಕಿನಲ್ಲೋ ರೈಲ್ವೆಯಲ್ಲೋ ದುಡಿದು, ಸಂಜೆ ಹೊತ್ತು ಓಣಿಯ ಹುಡುಗರಿಗೆ ಕಬಡ್ಡಿ ಹೇಳಿಕೊಟ್ಟವರು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಕ್ರೀಡಾಕೂಟದ ದಿನ ಜ್ಯೋತಿ ಹಿಡಿಯಲು ಅವರನ್ನು ಕರೆದು, ಊಟ ಹಾಕಿಸಿ ಕಳಿಸುತ್ತೇವೆ.

ಹೊರದೇಶದ ಕನ್ನಡ ಕೂಟಗಳಿಗೆ ನನ್ನದೊಂದು ಬೇಡಿಕೆ. ರಾಜ್ಯೋತ್ಸವಕ್ಕೆ ಅಂಥವರೊಬ್ಬರನ್ನು ಆರಿಸಿ. ಪೇಟ ಇರಲಿ, ಶಾಲೂ ಇರಲಿ. ನೆನಪಿನ ಕಾಣಿಕೆಯ ದುಡ್ಡಿನಲ್ಲಿ ಅವರ ಹೆಸರಲ್ಲೇ ಅವರೂರಿನ ಪಿಯುಸಿ ವಿದ್ಯಾರ್ಥಿಗೊಂದು ವಿದ್ಯಾರ್ಥಿವೇತನ ಕೊಡೋಣ. ವಾರಕ್ಕೊಂದು ದಿನ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪಾಠ ಹೇಳಿಕೊಡಬೇಕೆಂಬ ಷರತ್ತಿನೊಂದಿಗೆ. ಸನ್ಮಾನ ಪತ್ರ ಬರೆಯುವ ಕೆಲಸ ನನಗಿರಲಿ. ಅರ್ಧ ಪುಟ ಆಟಕ್ಕೆ, ಉಳಿದದ್ದು ಆಮೇಲಿನ ಬದುಕಿಗೆ.