ದೂರ ಬಿಟ್ಟು ಬಂದ ಮಹಾನುಭಾವರಿಗೆ

ಬೆಳಗ್ಗೆಯೇ ತಲೆ ಕೆಟ್ಟಿದೆ. ಪಕ್ಕದ ಮನೆಯವರು ಗೋಣಿಚೀಲ ಹಿಡಿದು ಕಾರು ಹತ್ತುತ್ತಿದ್ದರು. ಚೀಲ ಒದ್ದಾಡುತ್ತಿತ್ತು. ಏನದು ಅಂತ ಕೇಳಿದೆ. "ಅದೇ, ಶೆಡ್ಡಿನ ಹತ್ತಿರ ಓಡಾಡ್ತಿತ್ತಲ್ಲ, ಆ ಬೀಡಾಡಿ ಬೆಕ್ಕು. ಕೊಲ್ಲೋಕೆ ಮನಸ್ಸು ಬರಲ್ಲ, ದೂರ ಬಿಟ್ಟು ಬರ್ತೀನಿ" ಅಂದರು. ಮುಖದಲ್ಲಿ ಪುಣ್ಯ ಕಟ್ಟಿಕೊಂಡ ಕಳೆ ಬೇರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕಾರು ಹೊರಟೇ ಹೋಯಿತು.

ನನ್ನ ಹಿತ್ತಿಲಿನ ಏಳು ಬೆಕ್ಕುಗಳ ಪುರಾಣ ಕೇಳಿ ಕೇಳಿ ನಿಮಗೆ ಸಾಕಾಗಿದೆ ಅಂತ ಗೊತ್ತು. ಇನ್ನೊಂದು ಸಲ ಸಹಿಸಿಕೊಳ್ಳಿ.

ದೂರ ಬಿಟ್ಟರೆ ಏನಾಗುತ್ತದೆ? ಆ ಬೆಕ್ಕಿಗೆ ಅಲ್ಲಿ ನೀರೆಲ್ಲಿ, ಊಟವೆಲ್ಲಿ, ಅಡಗಲು ಜಾಗವೆಲ್ಲಿ, ಒಂದೂ ಗೊತ್ತಿರುವುದಿಲ್ಲ. ಅಲ್ಲಿನ ಬೆಕ್ಕುಗಳು ಅಟ್ಟಿಸಿಕೊಂಡು ಬರುತ್ತವೆ. ವಾಪಸ್ ಮನೆ ಹುಡುಕುತ್ತಾ ರಸ್ತೆಯಲ್ಲೇ ಸಾಯುವುದೂ ಉಂಟು. ಇತ್ತ ನಿಮ್ಮ ಅಂಗಳದಲ್ಲಿ? ತೆರೆದ ಕಸದ ಡಬ್ಬಿ ಹಾಗೇ ಇದೆ, ಬೆಚ್ಚಗಿನ ಶೆಡ್ಡು ಹಾಗೇ ಇದೆ. ಖಾಲಿ ಜಾಗಕ್ಕೆ ಇನ್ನೊಂದು ಬೆಕ್ಕು ಬರುತ್ತದೆ. ಅದು ಬಸುರಿ ಹೆಣ್ಣಾದರೆ ಮುಗಿಯಿತು. ಬೆಕ್ಕಿನ ಬಸಿರು ಸುಮಾರು 9 ವಾರ. ಐದು ತಿಂಗಳ ಮರಿಯೂ ಗಬ್ಬವಾಗಬಲ್ಲದು. ಲೆಕ್ಕ ನೀವೇ ಹಾಕಿಕೊಳ್ಳಿ.

ಕಾನೂನು? ಅದು ಇವರಿಗೆ ನೆನಪಾಗುವುದು ಪಕ್ಕದವರ ಮರದ ಎಲೆ ಇವರ ಅಂಗಳಕ್ಕೆ ಬಿದ್ದಾಗ ಮಾತ್ರ. ಭಾರತದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಾಗಲಿ, ಬ್ರಿಟನ್ನಿನ 2006ರ ಕಾಯ್ದೆಯಾಗಲಿ, ಯಜಮಾನ ಇಲ್ಲದ ಬೆಕ್ಕು ಅಂತ ವಿಷ ಹಾಕಲು ಬಿಡುವುದಿಲ್ಲ. ಇಟಲಿಯ 1991ರ ಕಾನೂನು ಇನ್ನೂ ಒಂದು ಹೆಜ್ಜೆ ಮುಂದೆ: ಬೀಡಾಡಿ ಬೆಕ್ಕುಗಳಿಗೆ ಸಂತಾನಹರಣ ಮಾಡಿಸಿ, ಇದ್ದ ಜಾಗಕ್ಕೇ ವಾಪಸ್ ಬಿಡಬೇಕು. ಜಾಗ ನಿಮ್ಮದೇ ಇರಬಹುದು ಸ್ವಾಮಿ, ಜೀವ ನಿಮ್ಮದಲ್ಲ. ಅದೂ ಅಲ್ಲದೆ ಚೀಲದಲ್ಲಿರುವುದು ಯಾರದ್ದೋ ಸಾಕುಬೆಕ್ಕಾಗಿದ್ದರೆ? ಕತ್ತಿನ ಪಟ್ಟಿ, ಚರ್ಮದಡಿ ಹಾಕಿಸಿದ ಗುರುತಿನ ಮೈಕ್ರೋಚಿಪ್ ನೋಡುವಷ್ಟು ವ್ಯವಧಾನ ಯಾರಿಗಿದೆ?

ಮಾಡಬೇಕಾದ್ದು ರಾಕೆಟ್ ವಿಜ್ಞಾನವೇನಲ್ಲ. ಪ್ರಾಣಿ ಸಂಸ್ಥೆಯಿಂದ ಪೆಟ್ಟಿಗೆ ಬೋನು ತನ್ನಿ. ಹಿಂದಿನ ರಾತ್ರಿಯಿಂದ ಊಟ ಇಡಬೇಡಿ, ಹಸಿದ ಬೆಕ್ಕು ಬೇಗ ಬೋನಿಗೆ ಬರುತ್ತದೆ. ಬೋನಿಟ್ಟು ನಾಪತ್ತೆಯಾಗಬೇಡಿ. ಬಿದ್ದ ತಕ್ಷಣ ಮೇಲೆ ಬಟ್ಟೆ ಹೊದಿಸಿ, ಕತ್ತಲಾದರೆ ಒದ್ದಾಟ ನಿಲ್ಲುತ್ತದೆ. ವೈದ್ಯರು ಸಂತಾನಹರಣದ ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಮತ್ತಿನಲ್ಲಿರುವಾಗಲೇ ಒಂದು ಕಿವಿಯ ತುದಿ ಕತ್ತರಿಸುತ್ತಾರೆ. ಆಪರೇಷನ್ ಆಗಿದೆ ಅನ್ನೋದಕ್ಕೆ ಅದೇ ಗುರುತು. ಚೇತರಿಸಿಕೊಂಡ ಮೇಲೆ ಹಿಡಿದಲ್ಲೇ ಬಿಡುವುದು. ಗಂಡುಬೆಕ್ಕುಗಳ ಜಗಳ, ರಾತ್ರಿಯ ಕೂಗಾಟ, ಗೋಡೆಗೆ ಉಚ್ಚೆ ಹಾರಿಸುವುದು, ಎಲ್ಲ ಬಹುಪಾಲು ಇಳಿಯುತ್ತವೆ. ಏಳರಲ್ಲಿ ಎರಡಕ್ಕೆ ಮಾಡಿಸಿ ಕೈ ತೊಳೆದುಕೊಂಡರೆ ಮಾತ್ರ ಏನೂ ಆಗದು.

ಅಂಗಳಕ್ಕೇ ಬರಬಾರದು ಅಂತಿದ್ದರೆ ಕಸ ಮುಚ್ಚಿ. ಹೂವಿನ ಮಡಿಯ ಮಣ್ಣಿನಡಿ ತಂತಿ ಜಾಲರಿ ಹಾಸಿ, ಕೆದರಲು ಆಗದು. ಹತ್ತಿರ ಸುಳಿದರೆ ನೀರು ಚಿಮ್ಮುವ ಸೆನ್ಸರ್ ಸಿಗುತ್ತದೆ. (ನನ್ನನ್ನೇ ಎರಡು ಸಲ ನೆನೆಸಿದೆ.) ನುಸಿಗುಳಿಗೆ ಮಾತ್ರ ಚೆಲ್ಲಬೇಡಿ, ಅದು ಬೆಕ್ಕಿಗೆ ವಿಷ.

ಹಕ್ಕಿಗಳ ಗತಿ ಏನು ಅಂತ ಒಬ್ಬರು ಖಂಡಿತ ಕೇಳುತ್ತೀರಿ. ಒಪ್ಪಿದೆ. ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130ರಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ ಅಂತ 2013ರ ಅಧ್ಯಯನವೊಂದು ಅಂದಾಜು ಮಾಡಿತ್ತು. ಸಣ್ಣ ಮಾತಲ್ಲ. ಆದರೆ ದೂರ ಬಿಟ್ಟು ಬಂದರೆ ಬೆಕ್ಕೇನು ಸನ್ಯಾಸ ತಗೊಳ್ಳುತ್ತದಾ? ಅಲ್ಲಿ ಹಕ್ಕಿ ಇಲ್ಲವಾ? ಹಕ್ಕಿ ಉಳಿಯಬೇಕಿದ್ದರೆ ಮೊದಲು ಮರಿ ಹುಟ್ಟುವುದು ನಿಲ್ಲಬೇಕು, ಅಲ್ವಾ?

ಇಷ್ಟೆಲ್ಲ ಬೈಯುವ ನಾನೇನು ಸಾಚಾ ಅಲ್ಲ. ಈವರೆಗೆ ಯಾರಿಗೂ ಹೇಳಿಲ್ಲ. ಎಷ್ಟೋ ವರ್ಷದ ಹಿಂದೆ ನಾನೂ ಒಂದು ಬೆಕ್ಕನ್ನು ರಟ್ಟಿನ ಪೆಟ್ಟಿಗೆಯಲ್ಲಿ ಒಯ್ದು ಬಿಟ್ಟು ಬಂದಿದ್ದೆ. ಅವತ್ತು ರಾತ್ರಿ ಒಳ್ಳೆ ನಿದ್ದೆ. ಮೂರನೇ ದಿನ ಸೌದೆ ರಾಶಿಯ ಹಿಂದಿನಿಂದ ಸಣ್ಣ ದನಿ ಕೇಳಿತು. ಮೂರು ಮರಿ. ಒಂದು ಆಗಲೇ ತಣ್ಣಗಾಗಿತ್ತು. ಉಳಿದೆರಡಕ್ಕೆ ಹಾಲಿನ ಬಾಟಲಿ ಹಿಡಿದು ಕೂತೆ. ಒಂದು ಬದುಕಿತು.

ಪಕ್ಕದವರು ಈಗ ವಾಪಸ್ ಬಂದರು. ಖಾಲಿ ಚೀಲ ಕೊಡವಿ ತಂತಿ ಮೇಲೆ ಒಣಹಾಕಿದ್ದಾರೆ. ಆ ಬೆಕ್ಕಿನ ಮೊಲೆ ಜೋತಿದ್ದನ್ನು ನಾನು ಮೊನ್ನೆಯೇ ನೋಡಿದ್ದೆ. ಎಲ್ಲಿ ಬಿಟ್ಟಿರಿ ಅಂತ ಅವರ ಬಾಯಿ ಬಿಡಿಸಬೇಕು. ಅದಕ್ಕೂ ಮೊದಲು ಟಾರ್ಚ್ ಹಿಡಿದು ಅವರ ಶೆಡ್ಡಿನ ಹಿಂದೆ ಹುಡುಕಬೇಕು. ಕಾಮೆಂಟಿಗೆ ಆಮೇಲೆ ಉತ್ತರಿಸುತ್ತೇನೆ.